ಮೊದಲು ಹೊರಟ ಸ್ಟೆಪ್ನಿ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಗುತ್ತಿಗೆದಾರ ರುದ್ರಮುನಿ ಕಾರು ಕೊಳ್ಳಲು ಬಂದು ಗೇಟಿನಲ್ಲೇ ಅವಸರ ಹಚ್ಚಿದರು. "ಹತ್ತೂವರೆಗೆ ರಾಹುಕಾಲ ಹಿಡಿಯುತ್ತೆ ತಾಯಿ. ದುಡ್ಡು ಕಳಿಸಿ ಆಗಿದೆ, ನನ್ನ ಮೊಬೈಲಿನಲ್ಲೇ ನೋಡಿ. ಕೀ ಕೊಟ್ಟುಬಿಡಿ."

ಕಾರು ಮಾರುತ್ತಿದ್ದ ಅಂಚೆ ಕಚೇರಿಯ ಗುಮಾಸ್ತೆ ತುಂಗಮ್ಮ ನೋಡಿದರು. ಅವರ ಮೊಬೈಲಿನಲ್ಲಿ 'ಕಳಿಸಲಾಗಿದೆ' ಎಂದಿತ್ತು. ಇವರ ಖಾತೆಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಏಳು ವರ್ಷ ಕಂತು ಕಟ್ಟಿ ತೀರಿಸಿದ ಕಾರು, ಗೇಟು ದಾಟಿದರೆ ಯಾರನ್ನು ಕೇಳುವುದು?

"ಒಳ್ಳೆ ಗಳಿಗೆ ತಪ್ಪಬಾರದು," ಎನ್ನುತ್ತಾ ತುಂಗಮ್ಮ ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿದರು. ಅದಕ್ಕೆ ಕುಂಕುಮ ಹಚ್ಚಿ, ಉರುಳಿಸಿಕೊಂಡು ಹೋಗಿ ಎದುರುಮನೆಯ ಜಗಲಿಗೆ ಒರಗಿಸಿದರು.

"ಇದೇನಮ್ಮ?"

"ಪ್ರಸ್ಥಾನ ಇಟ್ಟೆ. ಕಾಶಿಗೆ ಹೊರಟವರು ಒಳ್ಳೆ ಗಳಿಗೆಯಲ್ಲಿ ಕೊಡೆನೋ ಚೀಲಾನೋ ಪಕ್ಕದ ಮನೇಲಿಟ್ಟು, ಆಮೇಲೆ ನಿಧಾನವಾಗಿ ತಾವು ಹೋಗಲ್ವೆ? ಹಾಗೇ ನಿಮ್ಮ ಕಾರು ಹೊರಟಾಯ್ತು. ಇನ್ನು ರಾಹುಕಾಲದ ಭಯವಿಲ್ಲ."

"ಉಳಿದ ಕಾರು?"

"ನಿಮ್ಮ ದುಡ್ಡೂ ಹೊರಟಿದೆ, ಇನ್ನೂ ತಲುಪಿಲ್ಲ. ಎರಡೂ ಒಟ್ಟಿಗೇ ತಲುಪಲಿ. ಅಲ್ಲೀವರೆಗೆ ಕಾಫಿ ಕುಡೀರಿ."

ರುದ್ರಮುನಿ ಸ್ಟೆಪ್ನಿಯನ್ನೇ ನೋಡುತ್ತಾ ಎರಡು ಲೋಟ ಕುಡಿದರು. ಮೂರನೆಯದು ಬರುವಷ್ಟರಲ್ಲಿ ಮೊಬೈಲು ತೆಗೆದು, ಈ ಸಲ ನಿಜವಾಗಿಯೇ ಕಳಿಸಿದರು.