‘ಬಲ್ಲೆ’ ಎಂದ ಕ್ಷೌರಿಕ

“ಬುದ್ಧಿ, ಒಂದೇ ಮಾತಿಗೆ ಸಾವಿರ ಜನ ಎದ್ದು ನಿಲ್ಲಬೇಕು. ಅಂಥ ಶಕ್ತಿ ಎಲ್ಲಿ ಸಿಗುತ್ತದೆ?”

ಕೇಳಿದವನು ಗುರುಮಲ್ಲ, ಮಠದ ಶಿಷ್ಯ. ಅಮೆರಿಕದ ಮುಂದಾಳುಗಳ ಚರಿತ್ರೆಯನ್ನು ಓದಿ ಮುಗಿಸಿದಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಗುಲಾಮಗಿರಿಯನ್ನು ಕಿತ್ತೊಗೆದವರು, ಹೆಂಗಸರಿಗೆ ಮತದ ಹಕ್ಕು ತಂದುಕೊಟ್ಟವರು, ಕಪ್ಪು ಜನಕ್ಕೆ ನ್ಯಾಯ ಕೇಳಿದವರು, ಎಲ್ಲರೂ ಮಾತಿನಿಂದಲೇ ಗೆದ್ದವರೆಂದು ಅವನಿಗೆ ತೋರಿತ್ತು. ಮಠ ಬಿಟ್ಟು ನಗರ ಸೇರಿ ತಾನೂ ಅಂಥವನಾಗಬೇಕು; ಗುರುಗಳು ಹೂಂ ಎಂದರೆ ನಾಳೆಯೇ ಹೊರಡುವುದು. ಇಷ್ಟನ್ನು ಹೇಳಲು ಮೂರು ದಿನದಿಂದ ಒದ್ದಾಡುತ್ತಿದ್ದ.

ಗುರುಗಳಿಗೆ ಈ ಶಿಷ್ಯನೆಂದರೆ ಪ್ರಾಣ. ಆದರೆ ತೋರಿಸಿಕೊಳ್ಳುವವರಲ್ಲ. “ಹಾಲಿನ ಪಾತ್ರೆಯ ಸುತ್ತ ಬೆಕ್ಕು ತಿರುಗಿದ ಹಾಗೆ ತಿರುಗುತ್ತಿದ್ದೆ, ಅಂತೂ ಬಾಯಿಬಿಟ್ಟೆ. ಕೂತುಕೋ ಮರಿ. ನಿನ್ನ ಅಮೆರಿಕದ ಕತೆಯನ್ನೇ ಹೇಳುತ್ತೇನೆ. ನಡೆದದ್ದೋ ಕಟ್ಟಿದ್ದೋ ಎಂದು ಮಾತ್ರ ಕೇಳಬೇಡ,” ಎಂದು ಶುರುಮಾಡಿದರು.

ಆ ದೇಶದ ದಕ್ಷಿಣದಲ್ಲಿ ಒಂದು ಊರು. ಅಲ್ಲಿನ ಕಪ್ಪು ಜನಕ್ಕೆ ಮತದ ಹಕ್ಕು ಕಾನೂನಿನಲ್ಲಿತ್ತು, ಕೈಯಲ್ಲಿರಲಿಲ್ಲ. ಏಕೆಂದರೆ ಕಚೇರಿಯಲ್ಲಿ ಒಂದು ಕಟ್ಟಳೆ. ಹೊಸದಾಗಿ ಹೆಸರು ಬರೆಸುವವರು, ಪಟ್ಟಿಯಲ್ಲಿ ಆಗಲೇ ಹೆಸರಿರುವ ಅದೇ ಊರಿನವರೊಬ್ಬರನ್ನು ಕರೆತರಬೇಕು. ಬಂದವರು ಬಲಗೈ ಎತ್ತಿ, “ಇವರನ್ನು ನಾನು ಬಲ್ಲೆ” ಎಂದು ಆಣೆಯಿಟ್ಟು, ಇಂಥ ಮನೆ, ಇಷ್ಟು ವರ್ಷದ ಗುರುತು, ಇಂಥ ನಡತೆ ಎಂದು ಹೇಳಬೇಕು. ಪಟ್ಟಿಯಲ್ಲಿದ್ದವರು ಬಿಳಿಯರು. ಅವರೇಕೆ ಕೈ ಎತ್ತುತ್ತಾರೆ? ಹೇಗಿದೆ ನೋಡು ಉಪಾಯ! ಬಾವಿ ನಿನ್ನದೇ, ಹಗ್ಗ ಮಾತ್ರ ಕೊಡುವುದಿಲ್ಲ ಎಂದ ಹಾಗೆ.

ಕಪ್ಪು ಜನರಲ್ಲಿ ಒಬ್ಬನ ಹೆಸರು ಮಾತ್ರ ಪಟ್ಟಿಯಲ್ಲಿತ್ತು. ಅವನೊಬ್ಬ ಕ್ಷೌರಿಕ, ಎಜ್ರಾ ಎಂದು. ಅವನ ಅಂಗಡಿಯ ಕುರ್ಚಿಯಲ್ಲಿ ಕೂರುತ್ತಿದ್ದವರು ಬಿಳಿಯರು ಮಾತ್ರ; ತನ್ನವರನ್ನು ಕೂರಿಸಿದರೆ ಅವರು ಬರುತ್ತಿರಲಿಲ್ಲ. ಹಿಂದೆ ಯಾವನೋ ನ್ಯಾಯಾಧೀಶ, ನುಣುಪಾದ ಕೆನ್ನೆ ಸವರಿಕೊಂಡು ಖುಷಿಯಾಗಿ, ಇವನ ಹೆಸರು ಸೇರಿಸಿಬಿಟ್ಟಿದ್ದ. ಎಜ್ರಾ ಮಾತ್ರ ಯಾರಿಗಾಗಿಯೂ ಒಮ್ಮೆಯೂ ಕೈ ಎತ್ತಿದವನಲ್ಲ. ಎತ್ತಿದ ದಿನವೇ ಅಂಗಡಿ ಮುಳುಗುತ್ತದೆಂದು ಅವನಿಗೆ ಗೊತ್ತಿತ್ತು.

ಅಂಗಡಿಯ ಹಿಂದಿನ ಮನೆಯಲ್ಲಿ ಲುವೀನಾ ಎಂಬ ಮುದುಕಿಯಿದ್ದಳು. ಕಂಡವರ ಬಟ್ಟೆ ಒಗೆದು ಬದುಕುವವಳು. ದಿನ ಬೆಳಗಾದರೆ ಗೋಡೆಯಾಚೆಗೆ ಕೇಳುವಂತೆ, “ಏ ಹೇಡಿ, ಎದ್ದೆಯಾ?” ಎನ್ನುವಳು. “ಎದ್ದೆ ತಾಯಿ,” ಎನ್ನುವನು ಅವನು. ಅದೇ ಅವರಿಬ್ಬರ ಸುಪ್ರಭಾತ.

ಹೀಗಿರಲು, ದೂರದ ನಗರದಿಂದ ದೊಡ್ಡ ಮುಂದಾಳೊಬ್ಬ ಬಂದು ಚರ್ಚಿನಲ್ಲಿ ಮಾತಾಡಿದ. ಅಬ್ಬಾ, ಏನು ಮಾತು! ಅತ್ತವರೆಷ್ಟು, ಹಾಡಿದವರೆಷ್ಟು! ಮಾರನೆಯ ಬೆಳಿಗ್ಗೆ ನಲವತ್ತು ಜನ ಅವನ ಹಿಂದೆ ಕಚೇರಿಗೆ ನಡೆದರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಲುವೀನಾ.

“ನಿನ್ನ ಸಾಕ್ಷಿ ಯಾರು?” ಎಂದ ಗುಮಾಸ್ತ.

“ನಾನು,” ಎಂದು ಮುಂದಾಳು ಎದುರಿಗೆ ಬಂದ. “ಇಡೀ ದೇಶ ನನ್ನನ್ನು ಬಲ್ಲದು.”

“ಇರಬಹುದು. ಈ ಊರಿನ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಅದು ಹಾಗಿರಲಿ; ನೀನು ಇವಳನ್ನು ಬಲ್ಲೆಯಾ? ಮನೆ ಎಲ್ಲಿದೆ, ಹೇಳು.”

ಲಕ್ಷ ಜನರೆದುರು ತಡವರಿಸದ ನಾಲಗೆ ಅಲ್ಲಿ ಒಣಗಿತು. ಪಾಪ, ಒಳ್ಳೆಯವನೇ. ಆದರೆ ಆ ಮುದುಕಿಯ ಹೆಸರು ಕೂಡ ಅವನಿಗೆ ತಿಳಿದಿರಲಿಲ್ಲ. ನಲವತ್ತು ಜನವೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದರು.

ಮುಂದಾಳು ಅಲ್ಲಿಂದ ನೇರವಾಗಿ ಕ್ಷೌರದ ಅಂಗಡಿಗೆ ಹೋದ. “ಯಜಮಾನರೇ, ನೀವೊಬ್ಬರು ಕೈ ಎತ್ತಿದರೆ ಸಾಕು.”

ಎಜ್ರಾ ಕತ್ತಿ ಮಸೆಯುವುದನ್ನು ನಿಲ್ಲಿಸಲಿಲ್ಲ. “ನೀವು ಸಂಜೆಯ ರೈಲಿಗೆ ಹೋಗುತ್ತೀರಿ ಸ್ವಾಮಿ. ನಾನು ಇಲ್ಲೇ ಬಾಳಬೇಕು.”

“ನಿಜ,” ಎಂದ ಮುಂದಾಳು. ಅಷ್ಟೇ ಹೇಳಿ ಹೊರಟುಹೋದ. ಅವನ ಅಷ್ಟೂ ಭಾಷಣಕ್ಕಿಂತ ಈ ಒಂದು ಮಾತು ನನಗೆ ಹಿಡಿಸುತ್ತದೆ ಮರಿ.

ಮುಂದಿನ ಸೋಮವಾರ ಬೆಳಿಗ್ಗೆ ಲುವೀನಾ ಏನೂ ಕೂಗಲಿಲ್ಲ. ಸುಮ್ಮನೆ ಬಟ್ಟೆ ಹರವಿ, ಒಬ್ಬಳೇ ಮತ್ತೆ ಕಚೇರಿಗೆ ಹೋದಳು. ಎಜ್ರಾ ಕಾದ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತ ಕಾದ. ಬೈಗುಳ ಬರಲೇ ಇಲ್ಲ; ಅವಳು ಕಚೇರಿಯ ದಾರಿ ಹಿಡಿದದ್ದು ಮಾತ್ರ ಕಿಟಕಿಯಲ್ಲಿ ಕಂಡಿತು. ಇವನನ್ನು ಬೈದು ಪ್ರಯೋಜನವಿಲ್ಲವೆಂದು ಅವಳು ಕೈಬಿಟ್ಟಳೆಂಬುದು ಅವನಿಗೆ ಹೊಳೆಯಿತು. ಅದೊಂದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅರ್ಧ ಹೆರೆದ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಕಚೇರಿಗೆ ಓಡಿದ.

“ಯೋಚಿಸಿ ಕೈ ಎತ್ತು ಎಜ್ರಾ,” ಎಂದ ಗುಮಾಸ್ತ. “ನಾಳೆಯಿಂದ ನಿನ್ನ ಕುರ್ಚಿಗೆ ನೊಣವೂ ಬರುವುದಿಲ್ಲ.”

ಎಜ್ರಾ ಕೈಗಂಟಿದ್ದ ನೊರೆಯನ್ನು ಅಂಗಿಗೆ ಒರೆಸಿಕೊಂಡ. ಬಲಗೈ ಎತ್ತಿದ. “ಇವಳು ಲುವೀನಾ. ನಲವತ್ತು ವರ್ಷದಿಂದ ಬಲ್ಲೆ. ಮನೆ ನನ್ನ ಹಿತ್ತಲ ಗೋಡೆಯ ಆಚೆಗೆ. ನನ್ನ ಹೆಂಡತಿ ಹಾಸಿಗೆ ಹಿಡಿದಾಗ ಒಂಬತ್ತು ವಾರ ಗಂಜಿ ತಂದು ಕುಡಿಸಿದಳು. ದಿನವೂ ನನ್ನನ್ನು ಹೇಡಿ ಎಂದು ಕರೆಯುತ್ತಾಳೆ. ಇವಳ ಬಾಯಲ್ಲಿ ನಾನು ಒಂದು ಸುಳ್ಳನ್ನೂ ಕೇಳಿಲ್ಲ.”

ಕಟ್ಟಳೆ ಕಟ್ಟಳೆಯೇ. ಗುಮಾಸ್ತ ಹಲ್ಲು ಕಚ್ಚಿ ಹೆಸರು ಬರೆದುಕೊಂಡ. ಮಾರನೆಯ ದಿನ ಎಜ್ರಾನ ಕುರ್ಚಿ ಖಾಲಿ. ವಾರವಾದರೂ ಖಾಲಿ. ಎಂಟನೆಯ ದಿನ ಲುವೀನಾ ತನ್ನ ಅಣ್ಣನನ್ನು ಕೈ ಹಿಡಿದು ಎಳೆತಂದು ಅದರಲ್ಲಿ ಕೂರಿಸಿದಳು. ಆ ಕುರ್ಚಿ ಕಂಡ ಮೊದಲ ಕಪ್ಪು ಮನುಷ್ಯನ ಗಡ್ಡ ಅವನದು. ಆಮೇಲೆ ಅಣ್ಣನಿಗಾಗಿ ಅವಳು ಕಚೇರಿಯಲ್ಲಿ ಕೈ ಎತ್ತಿದಳು. ಅಣ್ಣ ಇನ್ನೊಬ್ಬರಿಗಾಗಿ ಎತ್ತಿದ. ಹೀಗೇ ಒಬ್ಬರಿಗೊಬ್ಬರು. ಮುಂದಿನ ಚುನಾವಣೆಯ ದಿನ ನಲವತ್ತು ಜನವೂ ಮತ ಹಾಕಲು ಸಾಲಾಗಿ ನಿಂತರು.

ಗುರುಗಳು ನಿಲ್ಲಿಸಿದರು. ಗುರುಮಲ್ಲನ ಕಣ್ಣು ಒದ್ದೆಯಾಗಿತ್ತು, ಹಟ ಮಾತ್ರ ಇಳಿದಿರಲಿಲ್ಲ. “ಹಾಗಾದರೆ ಆ ಮುಂದಾಳು ಮಾತಾಡಿದ್ದೆಲ್ಲ ದಂಡವೇ ಬುದ್ಧಿ?”

“ಛೆ ಛೆ, ಯಾರಂದರು? ಅವನು ಬಾರದಿದ್ದರೆ ಲುವೀನಾ ಕಚೇರಿಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.”

“ಹಾಗಿದ್ದರೆ ನಾನು ಹೊರಡಬಹುದೇ?”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಧಾರಾಳವಾಗಿ ಹೋಗು ಮರಿ, ಆರು ವರ್ಷ ಈ ಊರಿನವರ ಅನ್ನ ಉಂಡಿದ್ದೀಯಲ್ಲ, ಇವರಲ್ಲಿ ಯಾರಿಗಾಗಿ ಕೈ ಎತ್ತಿ ‘ಬಲ್ಲೆ’ ಎನ್ನುತ್ತೀಯೆ, ಅದೊಂದು ಹೇಳಿ ಹೋಗು.”