ಜೊಂಡುಗೆರೆ ತೋರಿಸಿದ ಮರಿಗಂಗ

ಕೂತ್ಕೊಳ್ಳಿ, ನಡುನಡುವೆ ಹೂಂ ಅಂತಿರಿ. ಹೂಂ ಅನ್ನೋರಿಲ್ಲದಿದ್ರೆ ಈ ಕತೆ ದಡ ಬಿಟ್ಟು ಅಲ್ಲಾಡಲ್ಲ.

ಜೊಂಡುಗೆರೆ ಅಂತ ಒಂದು ಕೆರೆ. ಕೆರೆ ಅಂದ್ರೆ ಬೆಳಗ್ಗೆ ಎದ್ದು ಒಂದು ಸುತ್ತು ಹಾಕಿ ಬರೋ ಕೆರೆ ಅಲ್ಲ. ಈ ದಡದಲ್ಲಿ ನಿಂತು ಕೂಗಿದ್ರೆ ಆ ದಡಕ್ಕೆ ಕೇಳಿಸದು. ಮೂರು ಕಡೆ ಕಾಡು, ನಡುವೆ ನಡುಗಡ್ಡೆ, ಆಳೆತ್ತರ ಜೊಂಡು. ನೀರೊಳಗೆ ನೀರುನಾಯಿ, ಬಂಡೆ ಮೇಲೆ ಮೊಸಳೆ. ಚಳಿ ಶುರುವಾಯ್ತು ಅಂದ್ರೆ ಹೆಬ್ಬಾತುಗಳು ಆಕಾಶ ತುಂಬ್ಕೊಂಡು ಬಂದು ಇಳೀತಿದ್ವು. ಅದನ್ನ ನೋಡೋಕೆ ಪ್ಯಾಟೆ ಜನ ಬರ್ತಿದ್ರು.

ಆ ಕೆರೆ ದಡದಲ್ಲಿ ನಿಂಗಾಜಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಮರಿಗಂಗ ಅಂತ ಒಬ್ಬನೇ ಮಗ. ಆಳು ನೋಡಿದ್ರೆ ಬಾಗಿಲು ತುಂಬ್ತಿದ್ದ, ಬುದ್ಧಿ ನೋಡಿದ್ರೆ ಹೊಸ್ತಿಲೂ ದಾಟಿರಲಿಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಅಷ್ಟೇ ಅವನ ರೋಗ!

ಅವನ ಅಪ್ಪ ಅಂಬಿಗ. ಬಂದೋರನ್ನ ಹರಿಗೋಲಲ್ಲಿ ಕೂರಿಸ್ಕೊಂಡು ಕೆರೆಯೆಲ್ಲ ತೋರಿಸ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಬೆಸ್ತರ ಕೇರಿ ಯಜಮಾನ ಬೆಟ್ಟಯ್ಯ ಮನೆ ಬಾಗಿಲಿಗೆ ಬಂದು ಹೇಳಿದ: "ನೋಡು ನಿಂಗಾಜಿ, ಹರಿಗೋಲು ಕೇರಿದು. ಹಕ್ಕಿ ಇಲ್ಲಿರೋವರೆಗೂ ನೋಡ್ತೀನಿ. ಅಷ್ಟರೊಳಗೆ ನಿನ್ನ ಮಗ ಕೆಲಸ ಕಲಿತ್ರೆ ಸರಿ. ಇಲ್ದಿದ್ರೆ ಹುಟ್ಟು ಇಸ್ಕೊಂಡು ಬೇರೆಯೋರ ಕೈಗೆ ಕೊಡ್ತೀನಿ."

ನಿಂಗಾಜಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹೇಳಿದ್ಲು: "ಮಗ, ಇವತ್ತು ಜನ ಬರ್ತಾರೆ. ಅವರಿಗೆ ಕೆರೆ ತೋರ್ಸು."

"ಆಗ್ಲಿ ಕಣವ್ವ!"

ಜನ ಬಂದ್ರು. ಮರಿಗಂಗ ಜಗಲಿ ಮೇಲೆ ನಿಂತು ಬೆರಳು ಚಾಚಿದ. "ಅದೇ ಕೆರೆ."

ಅವರು ನೋಡಿದ್ರು. "ಹೂಂ. ಆಮೇಲೆ?"

"ಆಮೇಲೇನು? ತೋರಿಸಿದ್ನಲ್ಲ!" ಅಂತ ಒಳಗೆ ಬಂದು ಮುದ್ದೆಗೆ ಕೂತ.

ನಿಂಗಾಜಮ್ಮ ಹಣೆ ಹಣೆ ಚಚ್ಚಿಕೊಂಡ್ಲು. "ಅಯ್ಯೋ ಪೆದ್ದುಮುಂಡೇದೇ! ಕೆರೆ ಅವರಿಗೆ ಕಾಣಲ್ವೇನೋ? ನಿನ್ನ ಬೆರಳು ನೋಡೋಕೆ ಅಷ್ಟು ದೂರದಿಂದ ಬಂದ್ರಾ? ಹರಿಗೋಲಲ್ಲಿ ಕೂರಿಸ್ಕೊಂಡು ಸುತ್ತಿಸ್ಬೇಕು ಕಣೋ, ಚೆನ್ನಾಗಿ ಸುತ್ತಿಸ್ಬೇಕು!"

"ಮೊದ್ಲೇ ಹೇಳ್ಬಾರ್ದಾ ಕಣವ್ವ! ಸುತ್ತಿಸ್ತೀನಿ."

ಮಾರನೆ ದಿನ ಗಂಡ ಹೆಂಡತಿ ಬಂದ್ರು. ಮರಿಗಂಗ ಇಬ್ಬರನ್ನೂ ಹರಿಗೋಲಲ್ಲಿ ಕೂರಿಸಿದ. ದಡದಿಂದ ನಾಲ್ಕು ಮಾರು ಹೋದ. ಹುಟ್ಟು ಹಾಕಿದ ನೋಡಿ, ಹರಿಗೋಲು ನಿಂತಲ್ಲೇ ಗಿರ್ರ್ ಅಂತು! ಗಿರಗಿರ ಗಿರಗಿರ, ರಾಗಿ ಕಲ್ಲು ತಿರುಗಿದ ಹಂಗೆ.

"ನಿಲ್ಸಪ್ಪಾ!" ಅಂದ್ರು ಗಂಡ.

"ಚೆನ್ನಾಗಿ ಸುತ್ತಿಸ್ಬೇಕು ಸ್ವಾಮಿ, ಅವ್ವ ಹೇಳವ್ಳೆ!"

"ವಾಂತಿ ಬರ್ತದೋ!" ಅಂದ್ರು ಹೆಂಡತಿ.

"ಬರ್ಲಿ ತಾಯಿ, ಕೆರೆ ದೊಡ್ಡದು!"

ದಡಕ್ಕೆ ಇಳಿದಾಗ ಗಂಡ ಮೂಡಲಕ್ಕೆ ನಡೆದ್ರು, ಹೆಂಡತಿ ಪಡುವಲಕ್ಕೆ ನಡೆದ್ರು. ಒಬ್ಬರಿಗೊಬ್ಬರು ಸಿಗೋ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು.

"ತಲೆ ಸುತ್ತಿಸು ಅಂದ್ನೇನೋ ನಾನು? ಕೆರೆ ಸುತ್ತಿಸು ಅಂದ್ರೆ ಹರಿಗೋಲು ಸುತ್ತಿಸಿದ್ಯಲ್ಲೋ! ನಡುಗಡ್ಡೆವರೆಗೂ ಮೆಲ್ಲಗೆ ಕರ್ಕೊಂಡು ಹೋಗು. ಹಕ್ಕಿ ಹೆದರ್ತವೆ, ನೀನು ಬಾಯಿ ಬಿಡ್ಬೇಡ. ಏನೇ ಕಂಡ್ರೂ ತುಟಿಪಿಟಕ್ ಅನ್ಬೇಡ!"

"ಅನ್ನಲ್ಲ ಕಣವ್ವ."

ಆಮೇಲೆ ಬಂದೋನು ಕ್ಯಾಮೆರಾ ನೇತುಹಾಕ್ಕೊಂಡಿದ್ದ ಒಬ್ಬ ಸಾಹೇಬ. ಮರಿಗಂಗ ತುಟಿ ಬಿಗಿ ಹಿಡಿದು ಮೆಲ್ಲಗೆ ಹುಟ್ಟು ಹಾಕಿದ. ನಡುಗಡ್ಡೆ ಬಂತು. ಬಂಡೆ ಪಕ್ಕದಲ್ಲಿ ಉದ್ದಕ್ಕೆ ಒಂದು ಮರದ ದಿಮ್ಮಿ. ಸಾಹೇಬ ಕಾಲು ಎತ್ತಿ ಅದರ ಮೇಲೆ ಇಡೋಕೆ ಹೋದ. ಅದು ದಿಮ್ಮಿ ಅಲ್ಲ ಅಂತ ಮರಿಗಂಗನಿಗೆ ಗೊತ್ತು. ಹೊಟ್ಟೆಯೊಳಗೆ ಕೂಗು ಎದ್ದು ಗಂಟಲಿಗೆ ಬಂತು. ಕಣ್ಣು ಅಗಲವಾಯ್ತು, ಕೆನ್ನೆ ಉಬ್ಬಿತು. ಆದ್ರೆ ಅವ್ವ ಏನಂದಿದ್ಲು? ಏನೇ ಕಂಡ್ರೂ! ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡ.

ದಿಮ್ಮಿ ಆಕಳಿಸಿತು!

ಸಾಹೇಬ ಹಿಂದಕ್ಕೆ ಹಾರಿದ ರಭಸಕ್ಕೆ ಹರಿಗೋಲು ಅರ್ಧ ನೀರು ಕುಡೀತು. ಪುಣ್ಯಕ್ಕೆ ಮೊಸಳೆಗೂ ಅಷ್ಟೇ ಗಾಬರಿ, ಆ ಕಡೆಯಿಂದ ನೀರಿಗೆ ಜಾರಿಕೊಂಡು ಹೋಯ್ತು. ಸಾಹೇಬ ನೆನೆದ ಅಂಗಿ ಹಿಂಡ್ತಾ ಕೇಳಿದ, "ಮೊಸಳೆ ಅಂತ ಒಂದು ಮಾತು ಹೇಳೋಕಾಗಲ್ವೇನಯ್ಯಾ?" ಮರಿಗಂಗ ಅದಕ್ಕೂ ತುಟಿಪಿಟಕ್ ಅನ್ನಲಿಲ್ಲ.

ಸುದ್ದಿ ಕೇಳಿ ನಿಂಗಾಜಮ್ಮ ಕೈಲಿದ್ದ ಸೌಟು ಬಿಸಾಕಿದ್ಲು. "ಜೀವ ಹೋಗ್ತಿತ್ತಲ್ಲೋ! ಮೊಸಳೆ ಕಂಡ್ರೆ ಕೂಗ್ಬೇಕು! ಕೇರಿಗೆಲ್ಲ ಕೇಳೋ ಹಂಗೆ ಕೂಗು! ಜನರನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳಿ!"

"ಎಳೀತೀನಿ ಕಣವ್ವ!"

ವಾರ ಕಳೀತು. ಒಂದು ವ್ಯಾನು ತುಂಬ ಜನ ಬಂದ್ರು. ಎಲ್ಲರಿಗಿಂತ ಮುಂದೆ ಇಳಿದ ದೊಡ್ಡ ಮನುಷ್ಯನ ಅಂಗಿ ಎದೆ ಮೇಲೆ, ಜೇಬಿನ ಹತ್ರ, ಹಸಿರು ದಾರದಲ್ಲಿ ಹೊಲಿದ ಒಂದು ಪುಟಾಣಿ ಮೊಸಳೆ. ಬಾಯಿ ಬೇರೆ ತೆರ್ಕೊಂಡಿತ್ತು.

"ಮೊಸಳೇ! ಮೊಸಳೇ! ಹಿಂದಕ್ ಬನ್ರಪ್ಪೋ!"

ಹೆಂಗಸರು ಕಿರುಚಿದ್ರು. ಗಂಡಸರು ವ್ಯಾನಿನ ಮೇಲೆ ಹತ್ತಿದ್ರು. ದೊಡ್ಡ ಮನುಷ್ಯನೂ ಓಡಿದ. ಓಡಿದಂಗೆಲ್ಲ ಮರಿಗಂಗ "ಎದೆ ಮೇಲೇ ಐತೆ ಸ್ವಾಮಿ!" ಅಂತ ಬೆನ್ನು ಹತ್ತಿದ. ಹಿಡಿದ. ರಟ್ಟೆ ಹಿಡಿದು ಎಳೆದ. ತೋಳೇ ಕಿತ್ತು ಬಂತು! ದೊಡ್ಡ ಮನುಷ್ಯನ ತೋಳಲ್ಲ, ಅಂಗಿ ತೋಳು.

ವ್ಯಾನು ಬಂದ ದಾರಿಯಲ್ಲೇ ವಾಪಸ್ ಹೋಯ್ತು.

"ಇನ್ನು ಯಾರನ್ನೂ ಮುಟ್ಬೇಡ!" ಅಂತ ಬಡ್ಕೊಂಡ್ಲು ನಿಂಗಾಜಮ್ಮ. "ಬರೋ ಜನರಿಂದ ನಮ್ಮ ಹೊಟ್ಟೆ ತುಂಬಬೇಕು. ಅವರನ್ನ ದೇವರ ಥರ ನೋಡ್ಕೋಬೇಕು, ಗೊತ್ತಾಯ್ತಾ? ದೇವರ ಥರ!"

ಮರಿಗಂಗನಿಗೆ ಇದು ಸಲೀಸಾಗಿ ಅರ್ಥವಾಯ್ತು. ದೇವರನ್ನ ಹೆಂಗೆ ನೋಡ್ಕೋತಾರೆ ಅಂತ ಅವನಿಗೆ ಗೊತ್ತಿಲ್ವಾ? ಎಷ್ಟು ಸಲ ಪೂಜೆ ನೋಡಿಲ್ಲ!

ಆ ಸಲ ಬಂದೋರು ಹೊಟ್ಟೆ ದಪ್ಪದ ಒಬ್ಬರು ಮೇಷ್ಟ್ರು, ಅವರ ಹೆಂಡತಿ. ನಿಂಗಾಜಮ್ಮ ಸಂತೆಗೆ ಹೋಗಿದ್ಲು. ಮರಿಗಂಗ ಇಬ್ಬರನ್ನೂ ಬಲೆ ಇಡೋ ಮನೆಗೆ ಕರ್ಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿದ. ಮೇಷ್ಟ್ರು "ಪರವಾಗಿಲ್ವೆ, ಮರ್ಯಾದೆ ಗೊತ್ತು" ಅಂದ್ಕೊಂಡ್ರು. ಅಷ್ಟರಲ್ಲಿ ತಲೆ ಮೇಲೆ ಬಿಂದಿಗೆ ನೀರು ದಬಕ್ ಅಂತು!

"ಏಯ್! ಏನೋ ಇದು?"

"ಅಭಿಷೇಕ ಸ್ವಾಮಿ."

ಮೇಷ್ಟ್ರ ಹಣೆಗೆ ಮೂರು ಬೆರಳು ವಿಭೂತಿ, ಅಮ್ಮಾವ್ರ ಕೆನ್ನೆ ತುಂಬ ಅರಿಶಿನ, ಇಬ್ಬರ ಕಿವಿ ಮೇಲೂ ಕಣಗಲೆ ಹೂವು. ಗಂಟೆ ಇರಲಿಲ್ಲ, ಹಿತ್ತಾಳೆ ಚೊಂಬು ಬಡಿದ. ಬಾಳೆಹಣ್ಣಿನ ಚಿಪ್ಪು ಅವರ ಮೂಗಿನ ಮುಂದೆ ಹಿಡಿದ.

"ಹಸಿವಾಗಿದೆ ಕಣಪ್ಪ, ಕೊಡು" ಅಂತ ಮೇಷ್ಟ್ರು ಕೈ ಚಾಚಿದ್ರು.

"ಎಲ್ಲಾದ್ರೂ ಉಂಟಾ? ದೇವರು ತಿಂತದಾ!" ಅಂತ ಹಣ್ಣು ಎತ್ಕೊಂಡು ಹೋಗಿ ದಡದಲ್ಲಿ ಬಲೆ ಬಿಡಿಸ್ತಿದ್ದೋರಿಗೆಲ್ಲ ಹಂಚಿದ. ಹೊತ್ತು ನೆತ್ತಿಗೆ ಬಂತು. ಮಧ್ಯಾಹ್ನ ಗುಡಿ ಬಾಗಿಲು ಹಾಕ್ತಾರೆ ತಾನೆ? ಇವನೂ ಹಾಕಿದ. ಬೀಗ ಜಡಿದ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಹುಣಸೆ ಮರದ ಕೆಳಗೆ ಮಲಗಿದ.

ಒಳಗಿಂದ ದಬದಬ ದಬದಬ!

ಸಂತೆಯಿಂದ ಬಂದ ನಿಂಗಾಜಮ್ಮ ಬೀಗ ತೆಗೆಸಿದಾಗ ಮೇಷ್ಟ್ರು ಒಂದೇ ಮಾತು ಕೇಳಿದ್ದು: "ಸಂಜೆ ಮಂಗಳಾರತಿ ಬೇರೆ ಇತ್ತೇನಮ್ಮ?"

ಇದು ಬೆಟ್ಟಯ್ಯನ ಕಿವಿಗೆ ಹೋಯ್ತು. ಹೋಗದೆ ಇರ್ತದಾ? "ಸಾಕು ನಿಂಗಾಜಿ. ನಾಳೆ ಸಂಜೆ ಬಂದು ಹುಟ್ಟು ಇಸ್ಕೋತೀನಿ" ಅಂದುಬಿಟ್ಟ.

ಆ ದಿನ ನಿಂಗಾಜಮ್ಮ ಬೈಯಲಿಲ್ಲ. ಒಲೆ ಮುಂದೆ ಕೂತು ಸೆರಗಲ್ಲಿ ಕಣ್ಣು ಒರಸಿಕೊಂಡ್ಲು. ಮರಿಗಂಗನಿಗೆ ಬೈಗುಳ ಅಭ್ಯಾಸವಾಗಿತ್ತು, ಇದು ಅಭ್ಯಾಸ ಇರಲಿಲ್ಲ. ಎದೆಯೊಳಗೆ ಏನೋ ಕಲ್ಲು ಕೂತಂಗಾಯ್ತು.

"ಬೈಯವ್ವ" ಅಂದ.

"ಏನಂತ ಬೈಯಲಿ ನನ್ನಪ್ಪ? ದೇವರೂ ಬೇಡ, ದಿಂಡರೂ ಬೇಡ. ನಾಳೆ ಬರೋರೇ ಕಡೆ. ಮನೆಯೋರ ಥರ ನೋಡ್ಕೊಂಡು ಕಳ್ಸು. ನಮ್ಮ ಮನೆಯೋರ ಥರ. ಅಷ್ಟು ಸಾಕು."

ಬೆಳಗಾಯ್ತು. ಲೀಲಾವತಮ್ಮ ಅಂತ ಬೆಳ್ಳಿ ಕೂದಲಿನ ಅಜ್ಜಿ ಬಂದ್ರು, ಜೊತೆಗೆ ಮಗಳು, ಅಳಿಯ. ಕಾರಿಂದ ಇನ್ನೂ ಒಂದು ಕಾಲು ಹೊರಗೆ ಇಟ್ಟಿಲ್ಲ, ಮರಿಗಂಗ ರೇಗಿದ:

"ಇಷ್ಟೊತ್ತಾ ಬರೋದು? ಯಾವಾಗ ನೋಡಿದ್ರೂ ಹಿಂಗೇ ನೀವು! ಮುದ್ದೆ ಆರಿಹೋಯ್ತು!"

ಅಜ್ಜಿ ಕಣ್ಣು ಕಣ್ಣು ಬಿಟ್ರು. ಮರಿಗಂಗ ಅಳಿಯನ ಕೈಗೆ ಬಲೆ ಕೊಟ್ಟ. "ಸುಮ್ನೆ ನಿಂತಿದ್ರೆ ಆಯ್ತಾ? ಹರಿದಿದ್ದನ್ನ ಹೊಲಿ." ಮಗಳಿಗೆ ಈಳಿಗೆ ಕೊಟ್ಟ. "ಅಕ್ಕ, ಮೀನು ಕುಯ್ಯಿ." ಅಜ್ಜಿಗೆ ಹೇಳಿದ, "ಅಜ್ಜೀ, ನೀನು ಅವ್ವನ ಪಕ್ಕ ಕೂತು ಬೆಳ್ಳುಳ್ಳಿ ಸುಲಿ."

ನಿಂಗಾಜಮ್ಮ ಒಳಗಿಂದ ಓಡಿಬಂದ್ಲು. "ಅಯ್ಯೋ! ತಪ್ಪಾಯ್ತು ಅಮ್ಮಾವ್ರೇ! ಇವನಿಗೆ ಬುದ್ಧಿ—"

ಲೀಲಾವತಮ್ಮ ಆಗಲೇ ಬೆಳ್ಳುಳ್ಳಿ ಹಿಡಿದು ಕೂತಿದ್ರು. "ಸುಮ್ನಿರಮ್ಮ. ನನ್ನ ಸೊಸೆ ಮನೇಲಿ ಒಂದು ಲೋಟ ಎತ್ತಿಡೋಕೂ ಬಿಡಲ್ಲ. ಕೈಗೆ ಕೆಲಸ ಬಂದು ಎಷ್ಟು ಕಾಲ ಆಯ್ತು ಗೊತ್ತಾ!" ಅಂದ್ರು. ಅಳಿಯ ಬಲೆ ಹೊಲಿಯೋಕೆ ಹೋಗಿ ತನ್ನ ಬೆರಳನ್ನೇ ಸೇರಿಸಿ ಹೊಲ್ಕೊಂಡ. ಮಗಳು ನಕ್ಕಳು, ನಗೋ ಭರಕ್ಕೆ ಕೈಯಿಂದ ಮೀನು ಜಾರಿ ಅಂಗಳಕ್ಕೆ ಹಾರಿತು. ಅದನ್ನ ಹಿಡಿಯೋಕೆ ಎಲ್ಲರೂ ಓಡಿದ್ರು.

ಊಟ ಆಯ್ತು. ಮನೆಯೋರನ್ನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು? ತನಗೆ ಎಲ್ಲಿ ಇಷ್ಟವೋ ಅಲ್ಲಿಗೇ ಅಲ್ವಾ! ಮರಿಗಂಗ ಎಲ್ಲರನ್ನೂ, ಅವ್ವನನ್ನೂ ಸೇರಿಸಿ, ಹರಿಗೋಲಿಗೆ ಹತ್ತಿಸಿದ. ಜೊಂಡಿನ ಸಂದಿಯಲ್ಲಿ ಅಪ್ಪನ ಜೊತೆ ಹೋಗ್ತಿದ್ದ ಕಿರುದಾರಿ ಹಿಡಿದ. ಎರಡೂ ಕಡೆ ಜೊಂಡು ಸರಸರ ಅಂತಿತ್ತು. ದಾರಿ ಮುಗಿದ ಕಡೆ ತಟ್ಟನೆ ಬಯಲು ನೀರು. ಅಲ್ಲಿ ನೀರುನಾಯಿ ಮರಿಗಳು ಒಂದರ ಮೇಲೊಂದು ಉರುಳಾಡ್ತಿದ್ವು. ಆಚೆ ದಡದ ಉದ್ದಕ್ಕೂ ಹೆಬ್ಬಾತು, ತಲೆ ಮೇಲೆ ಕಪ್ಪು ಪಟ್ಟೆ ಎಳ್ಕೊಂಡು ಬಿಸಿಲಿಗೆ ಕೂತಿದ್ವು.

ಅಜ್ಜಿ, ಮಗಳು, ಅಳಿಯ ಹರಿಗೋಲಿನ ಅಂಚಿಗೆ ಬಾಗಿ ನೋಡಿದ್ರು. ನಿಂಗಾಜಮ್ಮನಂತೂ ಬಾಯಿ ತೆರೆದು ನೋಡ್ತಿದ್ಲು. ದಡದಲ್ಲೇ ಬದುಕು ಸವೆಸಿದ್ಲು, ಗಂಡ ಊರೋರಿಗೆಲ್ಲ ತೋರಿಸ್ತಿದ್ದ ಈ ಜಾಗ ಅವಳು ಇದೇ ಮೊದಲು ನೋಡಿದ್ದು. ಲೀಲಾವತಮ್ಮ ಅವಳ ಕೈ ಹಿಡ್ಕೊಂಡ್ರು.

ವಾಪಸ್ ಬಂದಾಗ ದಡದಲ್ಲಿ ಬೆಟ್ಟಯ್ಯ ಕಾಯ್ತಿದ್ದ. "ಕೊಡೋ ಹುಟ್ಟು!" ಅಂತ ಕೈ ಚಾಚಿದ.

ಲೀಲಾವತಮ್ಮ ಆ ಕೈ ಹಿಡ್ಕೊಂಡೇ ದಡಕ್ಕೆ ಇಳಿದ್ರು! "ನೀವು ಇವನ ದೊಡ್ಡಪ್ಪನಾ? ಬಹಳ ಒಳ್ಳೇ ಹುಡುಗ ಕಣ್ರಿ. ಎಷ್ಟೋ ಊರು ನೋಡಿದ್ದೀನಿ, ಎಲ್ಲೂ ಯಾರೂ ನನ್ನ ಕೈಲಿ ಬೆಳ್ಳುಳ್ಳಿ ಸುಲಿಸಿರಲಿಲ್ಲ. ನಮ್ಮ ತಂಗಿಯಂದಿರನ್ನೂ ಕಳಿಸ್ತೀನಿ. ಅವರ ಕೈಲೂ ಸುಲಿಸ್ಲಿ."

ಬೆಟ್ಟಯ್ಯ ಅಜ್ಜಿಯನ್ನ ನೋಡಿದ, ನಗ್ತಿದ್ದ ಮಗಳು ಅಳಿಯನನ್ನ ನೋಡಿದ, ಚಾಚಿದ್ದ ಕೈಯನ್ನ ತಲೆಗೆ ತಗೊಂಡು ಹೋಗಿ ಕೆರ್ಕೊಂಡ. "ಸರಿ... ಹುಟ್ಟು ಹಳೇದಾಗಿತ್ತು. ನೋಡಿಕೊಂಡು ಹೋಗೋಣ ಅಂತ ಬಂದೆ" ಅಂದ. ಹೋಗೋವಾಗ ಮೀನಿನ ಸಾರೂ ಕುಡ್ಕೊಂಡು ಹೋದ.

ನಿಂಗಾಜಮ್ಮನ ಮುಖ ನೋಡ್ಬೇಕಿತ್ತು ನೀವು! ಮರಿಗಂಗನ ಎದೆಯ ಕಲ್ಲು ಕರಗಿ ನೀರಾಯ್ತು.

ಕಾರು ಹತ್ತೋ ಮುಂಚೆ ಲೀಲಾವತಮ್ಮ ಅವನ ಕೆನ್ನೆ ತಟ್ಟಿದ್ರು. "ಬರೋ ವರ್ಷ ಮತ್ತೆ ಬರ್ತೀನಿ ಕಣಪ್ಪ. ಅಲ್ಲೀವರೆಗೂ ಈ ಕೆರೆನ ಹಿಂಗೇ ಕಾಪಾಡ್ಕೊಂಡಿರು. ಒಂದು ತೊಟ್ಟೂ ಕಮ್ಮಿ ಆಗ್ಬಾರ್ದು!"

"ಆಗಲ್ಲ ಅಜ್ಜಿ!"

ಮಾರನೆ ಬೆಳಗ್ಗೆ ಮುದ್ದೆ ತಿರುವಿಟ್ಟು ನಿಂಗಾಜಮ್ಮ ಕರೆದ್ಲು. ಮಗ ಇಲ್ಲ. ಅಟ್ಟದ ಮೇಲೆ ಇಲ್ಲ, ಹುಣಸೆ ಮರದ ಕೆಳಗೆ ಇಲ್ಲ. ದಡಕ್ಕೆ ಬಂದು ನೋಡ್ತಾಳೆ, ಮರಿಗಂಗ ಮೊಣಕಾಲುದ್ದ ನೀರಲ್ಲಿ ನಿಂತು, ಬಿಂದಿಗೆ ಬಿಂದಿಗೆ ನೀರು ಕೆರೆಗೆ ಸುರೀತಿದ್ದಾನೆ. ಮೈಯೆಲ್ಲ ಬೆವರು.

"ಏನ್ ಮಾಡ್ತಿದೀಯೋ?"

"ಎಮ್ಮೆ ಬಂದು ಹೊಟ್ಟೆ ತುಂಬ ಕುಡ್ಕೊಂಡು ಹೋಯ್ತು ಕಣವ್ವ! ಒಂದು ತೊಟ್ಟೂ ಕಮ್ಮಿ ಆಗ್ಬಾರ್ದು ಅಂದವ್ರೆ ಅಜ್ಜಿ. ಅದು ಕುಡಿದಷ್ಟೂ ಮತ್ತೆ ತುಂಬಿಸ್ತಿದೀನಿ."

"ಬಿಂದಿಗೆಗೆ ನೀರು ಎಲ್ಲಿಂದ ತಂದ್ಯೋ?"

"ಇನ್ನೆಲ್ಲಿಂದ? ಕೆರೆಯಿಂದ!"

ನಿಂಗಾಜಮ್ಮ ಬೈಯೋಕೆ ಬಾಯಿ ತೆರೆದ್ಲು. ಬೈದ್ರೆ ಹಿಂದೆಯೇ ಒಂದು ಬುದ್ಧಿ ಹೇಳ್ಬೇಕಾಗ್ತದೆ. ಬುದ್ಧಿ ಹೇಳಿದ್ರೆ ನಾಳೆ ಅದನ್ನೂ ಮಾಡ್ತಾನೆ. ತೆರೆದ ಬಾಯಿ ಮುಚ್ಚಿದ್ಲು. ಮುಚ್ಚಿದ ಬಾಯಿಗೆ ನಗು ತಡೆಯೋಕಾಗದೆ ದಡದ ಮೇಲೆ ಕುಸಿದು ಕೂತು, ಹೊಟ್ಟೆ ಹಿಡ್ಕೊಂಡು ನಕ್ಕಳು.

"ಬಾರೋ ನನ್ನಪ್ಪ, ಊಟ ಆರ್ತದೆ" ಅಂದ್ಲು ಕಣ್ಣು ಒರಸಿಕೊಂಡು.

"ಸ್ವಲ್ಪ ತಡಿಯವ್ವ" ಅಂದ ಮರಿಗಂಗ, ಬಿಂದಿಗೆ ಮತ್ತೆ ಕೆರೆಗೆ ಅದ್ದುತ್ತಾ. "ಅಗೋ ನೋಡು, ಇನ್ನೊಂದು ಎಮ್ಮೆ ಬರ್ತಾ ಐತೆ!"