ಚೌಡಜ್ಜಿ ಹೊಸ್ತಿಲು ದಾಟಿದ್ದು

ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ಇದು ನಗೋ ಕಥೆ ಅಲ್ಲ, ಮೊದಲೇ ಹೇಳಿದೀನಿ.

ಚೌಡಜ್ಜಿ ಅಂತ ಒಬ್ಬಳು ಅಜ್ಜಿ. ಎದುರು ಮನೇಲಿ ಅವಳ ಅಕ್ಕ ಬೋರಜ್ಜಿ. ಬೋರಜ್ಜಿ ಬಿದ್ದು ತೊಡೆ ಮೂಳೆ ಮುರಿದು ಮಲಗಿದ್ದಳು. ದಿನಾ ಚೌಡಜ್ಜಿ ಹೋಗಿ ಗಂಜಿ ಕುಡಿಸ್ತಿದ್ದಳು. ಬೇರೆಯವರ ಕೈಯಲ್ಲಿ ಬೋರಜ್ಜಿಗೆ ಸೇರ್ತಾನೇ ಇರಲಿಲ್ಲ.

ಒಂದು ದಿನ ಹೊಸ್ತಿಲ ಹತ್ತಿರ ಚೌಡಜ್ಜಿ ಆಯ ತಪ್ಪಿ ಬಿದ್ದಳು. ಮೂಳೆ ಮುರೀಲಿಲ್ಲ. ಆಯ ಹೋಯ್ತು. ಆಯ ಅಂದರೇನು? ಒಂಟಿ ಕಾಲಲ್ಲಿ ನಿಂತು ನೋಡಿ. ಬೀಳದ ಹಾಗೆ ನಿಮ್ಮನ್ನ ಹಿಡ್ಕೊಂಡಿದೆಯಲ್ಲ, ಅದೇ.

ಸೊಸೆ ಮಾದೇವಿ ಅಂದಳು, “ಹೊಸ್ತಿಲ ಮೇಲೆ ಕಾಲಿಟ್ಟು ಇಳೀರಿ ಅತ್ತೆ.”

“ಹೊಸ್ತಿಲು ತುಳೀಬಾರದು ಕಣೆ.”

“ಹಂಗಾದ್ರೆ ಎತ್ಕೊಂಡು ಹೋಗ್ತೀನಿ.”

“ಹೊಸ್ತಿಲಿಂದ ಹೊತ್ತು ದಾಟಿಸೋದು ಹೆಣಾನ. ನಾನಿನ್ನೂ ಬದುಕಿದೀನಿ.”

ಚೌಡಜ್ಜಿ ಪಾದಾನ ಕೇಳಿದಳು. “ಪಾದ, ಪಾದ, ಏಳು. ನೀನು ಏಳದೆ ನಾ ದಾಟಲ್ಲ. ಅಕ್ಕ ಹಸಿದು ಮಲಗಿದಾಳೆ.”

“ನಾನು ಏಳಲ್ಲ. ಮಂಡಿ ಬಗ್ಗಲ್ಲ,” ಅಂತು ಪಾದ.

ಅವತ್ತು ಮಾದೇವಿ ಕೈಯಲ್ಲಿ ಬೋರಜ್ಜಿ ಕುಡಿದಿದ್ದು ನಾಲ್ಕೇ ಚಮಚ ಗಂಜಿ.

ಮಂಡೀನ ಕೇಳಿದಳು. “ಮಂಡಿ, ಮಂಡಿ, ಬಗ್ಗು. ನೀನು ಬಗ್ಗದೆ ಪಾದ ಏಳಲ್ಲ. ಪಾದ ಏಳದೆ ನಾ ದಾಟಲ್ಲ. ಅಕ್ಕ ಹಸಿದು ಮಲಗಿದಾಳೆ.”

“ನಾನು ಬಗ್ಗಲ್ಲ. ಸೊಂಟ ತಿರುಗಲ್ಲ,” ಅಂತು ಮಂಡಿ.

ಅವತ್ತು ಬೋರಜ್ಜಿ ಕುಡಿದಿದ್ದು ಮೂರು ಚಮಚ.

ಸೊಂಟಾನ ಕೇಳಿದಳು. “ಸೊಂಟ, ಸೊಂಟ, ತಿರುಗು. ನೀನು ತಿರುಗದೆ ಮಂಡಿ ಬಗ್ಗಲ್ಲ. ಮಂಡಿ ಬಗ್ಗದೆ ಪಾದ ಏಳಲ್ಲ. ಪಾದ ಏಳದೆ ನಾ ದಾಟಲ್ಲ. ಅಕ್ಕ ಹಸಿದು ಮಲಗಿದಾಳೆ.”

“ನಾನು ತಿರುಗಲ್ಲ. ಕಣ್ಣು ನೆಲ ಬಿಡಲ್ಲ,” ಅಂತು ಸೊಂಟ.

ಅವತ್ತು ಎರಡು ಚಮಚ.

ಕಣ್ಣನ್ನ ಕೇಳಿದಳು. “ಕಣ್ಣೇ, ಕಣ್ಣೇ, ನೆಲ ಬಿಡು. ನೀನು ನೆಲ ಬಿಡದೆ ಸೊಂಟ ತಿರುಗಲ್ಲ. ಸೊಂಟ ತಿರುಗದೆ ಮಂಡಿ ಬಗ್ಗಲ್ಲ. ಮಂಡಿ ಬಗ್ಗದೆ ಪಾದ ಏಳಲ್ಲ. ಪಾದ ಏಳದೆ ನಾ ದಾಟಲ್ಲ. ಅಕ್ಕ ಹಸಿದು ಮಲಗಿದಾಳೆ.”

“ನಾನು ನೆಲ ಬಿಡಲ್ಲ. ನೀನು ಬಿದ್ದ ಜಾಗವೇ ಕಾಣ್ತದೆ,” ಅಂತು ಕಣ್ಣು.

ಅವತ್ತು ಒಂದೇ ಚಮಚ.

ಮಾದೇವಿ ಹೋಗಿ ಆರೋಗ್ಯ ಕೇಂದ್ರದ ರೇವತೀನ ಕರ್ಕೊಂಡು ಬಂದಳು. ರೇವತಿ ಒಂದು ದಪ್ಪ ಕನ್ನಡಕ ತಂದಳು. ಮನೇಲಿ ಇಲ್ಲದ್ದನ್ನೂ ಮನೇಲೇ ತೋರಿಸೋ ಕನ್ನಡಕ.

“ಇದು ತೈ ಚಿ ಅಜ್ಜಿ. ಚೀನಾದವರ ನಿಧಾನದ ಕಸರತ್ತು. ಒಂದು ಕೊಕ್ಕರೆ ಕಾಣ್ತದೆ. ಅದು ಮಾಡಿದ ಹಾಗೆ ಮಾಡಿ.”

ಚೌಡಜ್ಜಿ ಅದನ್ನ ಹಾಕ್ಕೊಂಡು ಕೇಳಿದಳು. “ಕನ್ನಡಕ, ಕನ್ನಡಕ, ತೋರಿಸು. ನೀನು ತೋರಿಸದೆ ಕಣ್ಣು ನೆಲ ಬಿಡಲ್ಲ. ಕಣ್ಣು ನೆಲ ಬಿಡದೆ ಸೊಂಟ ತಿರುಗಲ್ಲ. ಸೊಂಟ ತಿರುಗದೆ ಮಂಡಿ ಬಗ್ಗಲ್ಲ. ಮಂಡಿ ಬಗ್ಗದೆ ಪಾದ ಏಳಲ್ಲ. ಪಾದ ಏಳದೆ ನಾ ದಾಟಲ್ಲ. ಅಕ್ಕ ಹಸಿದು ಮಲಗಿದಾಳೆ.”

ನಡುಮನೇಲಿ ಬಿಳಿ ಕೊಕ್ಕರೆ ನಿಂತಿತ್ತು. ಮೆಲ್ಲಗೆ ರೆಕ್ಕೆ ಬಿಚ್ಚಿತು. ಕಣ್ಣು ನೆಲ ಬಿಟ್ಟಿತು. ಸೊಂಟ ತಿರುಗಿತು. ಮಂಡಿ ಬಗ್ಗಿತು. ಪಾದ ಮಾತ್ರ ಏಳಲಿಲ್ಲ. ಹಟಮಾರಿ ಪಾದ.

ಆಗ ಕನ್ನಡಕ ನೆಲದ ಮೇಲೆ ಒಂದು ಬೆಳ್ಳನೆ ಗೆರೆ ಎಳೆಯಿತು.

“ಗೆರೆ ಮೇಲೆ ಕಾಲಿಡಿ ಅಜ್ಜಿ,” ಅಂದಳು ರೇವತಿ.

“ಯಾರೋ ರಂಗೋಲಿ ಹಾಕವ್ರೆ. ತುಳಿಯಕ್ಕಾಗ್ತದಾ?” ಅಂದ ಚೌಡಜ್ಜಿ ಪಾದ ಎತ್ತಿ ಗೆರೆ ದಾಟಿಬಿಟ್ಟಳು.

“ತುಳೀಬೇಡಿ ಅಜ್ಜಿ. ದಾಟಿ. ಇನ್ನೊಂದು ಸಲ,” ಅಂದಳು ರೇವತಿ.

ಹನ್ನೊಂದು ದಿನ ದಾಟಿಸಿದಳು. ಹನ್ನೊಂದು ದಿನವೂ ಬೋರಜ್ಜಿ ಒಂದೊಂದೇ ಚಮಚ.

ಹನ್ನೆರಡನೇ ದಿನ ಚೌಡಜ್ಜಿ ಕನ್ನಡಕ ತೆಗೆದಿಟ್ಟಳು. ಬಾಗಿಲಿಗೆ ಬಂದಳು. ಬಿದ್ದ ಜಾಗ ಅಲ್ಲೇ ಇತ್ತು. ಕಣ್ಣು ನೆಲ ಬಿಟ್ಟು ಎದುರು ಮನೆ ನೋಡಿತು. ಸೊಂಟ ತಿರುಗಿತು. ಮಂಡಿ ಬಗ್ಗಿತು. ಪಾದ ಎದ್ದಿತು. ಚೌಡಜ್ಜಿ ಹೊಸ್ತಿಲು ದಾಟಿದಳು. ಹೋದ ಆಯ ಬಂತು.

“ಎಲ್ಲಿ ಹೋಗಿದ್ಯೆ ಚೌಡಿ?” ಅಂದಳು ಬೋರಜ್ಜಿ.

“ಹೊಸ್ತಿಲ ಒಳಗೇ ಇದ್ದೆ ಕಣಕ್ಕ. ಬಾಯಿ ತೆಗಿ.”

ಒಂದು ಚಮಚ. ಎರಡು ಚಮಚ. ಮೂರು ಚಮಚ. ನಾಲ್ಕು ಚಮಚ. ಆಮೇಲೆ ಎಣಿಸೋರೇ ಇಲ್ಲ. ಬಟ್ಟಲು ಖಾಲಿ.

ಬೋರಜ್ಜಿ ಎದ್ದು ಓಡಾಡಿದಳಾ? ಇಲ್ಲ ಮಕ್ಕಳೇ, ಸುಳ್ಳು ಯಾಕೆ ಹೇಳಲಿ. ಚಳಿಗಾಲದವರೆಗೂ ತಂಗಿ ಕೈಯಲ್ಲಿ ಉಂಡಳು. ಆಮೇಲೆ ಹೋದಳು. ಅವಳನ್ನ ಹೊಸ್ತಿಲಿಂದ ಹೊತ್ತು ದಾಟಿಸಿದರು. ಹಿಂದೆಯೇ ಚೌಡಜ್ಜಿ, ಯಾರನ್ನೂ ಹಿಡೀದೆ, ತನ್ನ ಕಾಲಲ್ಲಿ ತಾನೇ ದಾಟಿ, ಅಕ್ಕನ ಜೊತೆ ಊರ ಕೊನೇವರೆಗೂ ನಡೆದಳು.

ಇಷ್ಟೇ. ಏಳಿ ಈಗ. ಹೊಸ್ತಿಲು ತುಳೀದೆ ಹೋಗಿ.